ಗಾಳಿ ಎಷ್ಟು, ಅನಿಲ ಎಷ್ಟು: ದೆಹಲಿ ಇಂಧನ ಬದಲಿಸಿದ ಕಥೆ

1998ರ ಜುಲೈ 28ರಂದು ಸುಪ್ರೀಂ ಕೋರ್ಟ್ ದೆಹಲಿಯ ವಾಹನಗಳ ಬಗ್ಗೆ ಹೊರಡಿಸಿದ ಆದೇಶದ ತುಂಬ ಗಡುವುಗಳೇ ಇದ್ದವು. ಸೀಸ ಬೆರೆತ ಪೆಟ್ರೋಲು ಆ ಸೆಪ್ಟೆಂಬರ್ 1ರಿಂದ ಸಿಗಕೂಡದು. ಟೂ-ಸ್ಟ್ರೋಕ್ ಎಂಜಿನ್ನಿಗೆ ಹಾಕುವ ಎಣ್ಣೆಯನ್ನು ಬಿಡಿಯಾಗಿ ಮಾರಕೂಡದು, ಪೆಟ್ರೋಲಿನ ಜೊತೆ ಬಂಕಿನಲ್ಲೇ ಅಳತೆಯಲ್ಲಿ ಬೆರೆಸಿ ಕೊಡಬೇಕು. 1990ಕ್ಕೆ ಮೊದಲಿನ ಆಟೋ, ಟ್ಯಾಕ್ಸಿಗಳ ಜಾಗಕ್ಕೆ 2000ದ ಮಾರ್ಚ್ 31ರೊಳಗೆ ಶುದ್ಧ ಇಂಧನದ ಹೊಸ ವಾಹನಗಳು ಬರಬೇಕು. ಎಂಟು ವರ್ಷ ದಾಟಿದ ಬಸ್ಸು 2000ದ ಏಪ್ರಿಲ್ 1ರ ನಂತರ ಸಿಎನ್‌ಜಿಯೋ ಬೇರೆ ಶುದ್ಧ ಇಂಧನವೋ ಇಲ್ಲದೆ ರಸ್ತೆಗಿಳಿಯುವಂತಿಲ್ಲ. 2001ರ ಮಾರ್ಚ್ 31ರ ಹೊತ್ತಿಗೆ ಸರ್ಕಾರಿಯಾಗಲಿ, ಖಾಸಗಿಯಾಗಲಿ, ನಗರದ ಎಲ್ಲ ಬಸ್ಸುಗಳೂ ಸಿಎನ್‌ಜಿಯಲ್ಲೇ ಓಡಬೇಕು. ಅಲ್ಲಿಯವರೆಗೆ ಇದ್ದ ಸಿಎನ್‌ಜಿ ಬಂಕುಗಳು ಒಂಬತ್ತು. ಅವು 2000ದ ಮಾರ್ಚ್ ಕೊನೆಗೆ ಎಂಬತ್ತಾಗಬೇಕು.

ಇಷ್ಟು ಸ್ಪಷ್ಟವಾಗಿ ಬರೆದ ಪಟ್ಟಿಯಲ್ಲಿ ಒಂದು ಸಂಗತಿ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಯಾವ ಇಂಧನ ಎಂಬುದನ್ನು ನ್ಯಾಯಾಲಯ ಹೇಳಬಲ್ಲದು. ಆ ಇಂಧನ ಎಂಜಿನ್ನಿನೊಳಗೆ ಎಷ್ಟು ಗಾಳಿಯೊಡನೆ ಸೇರಬೇಕು, ಹಾಗೆ ಸೇರುತ್ತಿದೆಯೋ ಇಲ್ಲವೋ ಎಂದು ದಿನವೂ ನೋಡಿಕೊಳ್ಳುವವರು ಬೇರೆ ಜನ. ಕಶ್ಮೀರಿ ಗೇಟಿನ ಬಿಡಿಭಾಗದ ಅಂಗಡಿಗಳು, ಕರೋಲ್ ಬಾಗಿನ ಗಲ್ಲಿಗಳು, ಫ್ಲೈಓವರ್ ಕೆಳಗೆ ಗೋಣಿ ಹಾಸಿಕೊಂಡು ಸ್ಪ್ಯಾನರ್ ಹರಡಿ ಕೂತ ಮೆಕ್ಯಾನಿಕ್‌ಗಳು. ದೆಹಲಿಯ ಸಿಎನ್‌ಜಿ ಕಥೆಯನ್ನು ಸಾಮಾನ್ಯವಾಗಿ ನ್ಯಾಯಾಲಯದ ಕಥೆಯಾಗಿ ಹೇಳುತ್ತಾರೆ. ಅದರ ಇನ್ನರ್ಧ ಒಂದು ಸ್ಕ್ರೂವಿನ ಕಥೆ.

ಹೊಗೆಯ ಊರು

ವಕೀಲ ಎಂ. ಸಿ. ಮೆಹ್ತಾ ದೆಹಲಿಯ ಗಾಳಿಯ ಬಗ್ಗೆ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದ್ದು 1985ರಲ್ಲಿ. ಸಂವಿಧಾನದ 21ನೇ ವಿಧಿ ಕೊಡುವ ಜೀವಿಸುವ ಹಕ್ಕಿನಲ್ಲಿ ಉಸಿರಾಡಬಲ್ಲ ಗಾಳಿಯೂ ಸೇರಿದೆ ಎಂಬುದು ವಾದದ ತಿರುಳು. ಆಮೇಲಿನ ಹತ್ತು ಹನ್ನೆರಡು ವರ್ಷ ಆ ಅರ್ಜಿ ಜೀವಂತವಾಗಿತ್ತು, ಹೊಗೆಯೂ ಬೆಳೆಯುತ್ತಿತ್ತು. 1996ರಲ್ಲಿ ಅನಿಲ್ ಅಗರ್‌ವಾಲ್ ಅವರ ವಿಜ್ಞಾನ ಮತ್ತು ಪರಿಸರ ಕೇಂದ್ರವು ವಾಹನದ ಹೊಗೆಯನ್ನು ನಿಧಾನದ ಕೊಲೆ ಎಂದು ಕರೆದು ಪುಸ್ತಕ ತಂದಿತು. 1998ರ ಜನವರಿಯಲ್ಲಿ ಕೇಂದ್ರ ಸರ್ಕಾರ ಭೂರೇ ಲಾಲ್ ಅವರ ಅಧ್ಯಕ್ಷತೆಯಲ್ಲಿ ರಾಜಧಾನಿ ಪ್ರದೇಶಕ್ಕೆ ಪರಿಸರ ಮಾಲಿನ್ಯ ಪ್ರಾಧಿಕಾರವನ್ನು ನೇಮಿಸಿತು. ಜುಲೈ ಆದೇಶದ ಗಡುವುಗಳು ಮೊದಲು ರೂಪುಗೊಂಡದ್ದು ಆ ಪ್ರಾಧಿಕಾರದ ಶಿಫಾರಸುಗಳಲ್ಲಿ.

ಆ ಹೊತ್ತಿಗೆ ದೆಹಲಿಯ ಬೀದಿ ಹೇಗಿತ್ತೆಂದು ತಿಳಿಯಲು ಫಟ್‌ಫಟಿಯನ್ನು ನೆನೆದರೆ ಸಾಕು. ಎರಡನೇ ಮಹಾಯುದ್ಧ ಮುಗಿದ ಮೇಲೆ ಉಳಿದುಹೋದ ಅಮೆರಿಕನ್ ಸೇನೆಯ ಹಾರ್ಲೆ ಡೇವಿಡ್ಸನ್ ಮೋಟರ್‌ಸೈಕಲ್ಲುಗಳ ಹಿಂದೆ ಜನ ಕೂರುವ ಗಾಡಿ ಕಟ್ಟಿ, ಮೂರು ಚಕ್ರದ ಸವಾರಿ ಮಾಡಿದ್ದರು. ಕನಾಟ್ ಪ್ಲೇಸಿನಿಂದ ಚಾಂದನಿ ಚೌಕದ ಕಡೆಗೆ ದಶಕಗಳ ಕಾಲ ಅವು ಜನರನ್ನು ಹೊತ್ತವು. ಮೂಲ ಎಂಜಿನ್ ಸವೆದಾಗ ಡೀಸೆಲ್ ಎಂಜಿನ್ ಕೂರಿಸಿಕೊಂಡು ಮತ್ತೆ ಓಡಿದವು. ತೊಂಬತ್ತರ ದಶಕದ ಕೊನೆಗೆ ಮಾಲಿನ್ಯದ ಕಾರಣಕ್ಕೇ ಅವು ರಸ್ತೆ ಬಿಟ್ಟವು. ಯಾವುದಕ್ಕೆ ಯಾವುದನ್ನು ಬೇಕಾದರೂ ಜೋಡಿಸಿ ಓಡಿಸುವ ಈ ಜಾಣ್ಮೆ ದೆಹಲಿಯ ಹೆಮ್ಮೆಯೂ ಹೌದು, ಹೊಗೆಯ ಒಂದು ಮೂಲವೂ ಹೌದು.

ಉಳಿದ ಹೊಗೆ ಟೂ-ಸ್ಟ್ರೋಕ್ ಎಂಜಿನ್ನಿನದು ಮತ್ತು ಹಳೆಯ ಡೀಸೆಲ್ ಬಸ್ಸಿನದು. ಅಂದಿನ ಆಟೋದಲ್ಲಿ ಎಂಜಿನ್ನಿಗೆ ಬೇಕಾದ ಎಣ್ಣೆ ಪೆಟ್ರೋಲಿನಲ್ಲೇ ಬೆರೆತು ಒಳಗೆ ಹೋಗಿ, ಅದರೊಡನೆಯೇ ಅರೆಬರೆ ಸುಟ್ಟು ಹೊರಗೆ ಬರುತ್ತಿತ್ತು. ಎಣ್ಣೆ ಕಡಿಮೆಯಾದರೆ ಎಂಜಿನ್ ಹಿಡಿದುಕೊಂಡುಬಿಡುತ್ತದೆ ಎಂಬ ಭಯಕ್ಕೆ ಚಾಲಕರು ಒಂದಷ್ಟು ಹೆಚ್ಚೇ ಸುರಿಯುತ್ತಿದ್ದರು. ಬಿಡಿ ಎಣ್ಣೆಯ ಮಾರಾಟಕ್ಕೆ ನ್ಯಾಯಾಲಯ ತಡೆ ಹಾಕಿದ್ದು ಇದೇ ಕಾರಣಕ್ಕೆ.

ಕರೋಲ್ ಬಾಗಿನ ಲೆಕ್ಕ

ಪೆಟ್ರೋಲ್ ಎಂಜಿನ್ ಬದುಕುವುದು ಒಂದು ಅನುಪಾತದ ಮೇಲೆ. ಒಂದು ಗ್ರಾಂ ಪೆಟ್ರೋಲು ಪೂರ್ತಿ ಸುಡಲು ಸುಮಾರು 14.7 ಗ್ರಾಂ ಗಾಳಿ ಬೇಕು. ಕಾರ್ಬುರೇಟರ್ ಎಂಬ ಪುಟ್ಟ ಯಂತ್ರ ಇದನ್ನು ಯಾವ ಗಣಕವೂ ಇಲ್ಲದೆ ಮಾಡುತ್ತಿತ್ತು. ಗಾಳಿ ಕಿರಿದಾದ ಗಂಟಲಿನಲ್ಲಿ ಹಾದುಹೋಗುವಾಗ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಆ ಇಳಿದ ಒತ್ತಡ ಕೆಳಗಿನ ಬಟ್ಟಲಿನಿಂದ ಪೆಟ್ರೋಲನ್ನು ಎಳೆಯುತ್ತದೆ. ಎಷ್ಟು ಎಳೆಯಬೇಕೆಂಬುದನ್ನು ತೀರ್ಮಾನಿಸುವುದು ಜೆಟ್ ಎಂಬ ಹಿತ್ತಾಳೆಯ ತುಂಡಿನ ಕೂದಲೆಳೆಯಂಥ ತೂತು.

ಹೀಗಾಗಿ ಗಾಳಿಯ ದಾರಿಯಲ್ಲಿ ಏನೇ ಬದಲಾದರೂ ಇಂಧನದ ದಾರಿಯಲ್ಲೂ ಬದಲಾಗಬೇಕು. ಕರೋಲ್ ಬಾಗಿನ ಬುಲೆಟ್ ಮೆಕ್ಯಾನಿಕ್‌ಗಳಿಗೆ ಇದು ಪುಸ್ತಕದ ಪಾಠವಲ್ಲ, ಅನ್ನದ ಮಾತು. ಗ್ರಾಹಕ ಬಂದು ಕಂಪನಿಯ ಏರ್ ಫಿಲ್ಟರ್ ಡಬ್ಬ ತೆಗೆಸಿ ಸಲೀಸಾಗಿ ಉಸಿರಾಡುವ ಫಿಲ್ಟರ್ ಹಾಕಿಸಿಕೊಳ್ಳುತ್ತಾನೆ, ಜೊತೆಗೊಂದು ಗುಡುಗುವ ಸೈಲೆನ್ಸರ್. ಗಾಡಿಯ ಸದ್ದು ಹೆಚ್ಚುತ್ತದೆ, ಓಟ ಹದಗೆಡುತ್ತದೆ. ಗಾಳಿ ಹೆಚ್ಚಾಯಿತು, ಪೆಟ್ರೋಲು ಅಷ್ಟೇ ಉಳಿಯಿತು. ಆಗ ದೊಡ್ಡ ತೂತಿನ ಜೆಟ್ ಹಾಕಿ, ಒಂದು ಸುತ್ತು ಓಡಿಸಿ, ಪ್ಲಗ್ ಬಿಚ್ಚಿ ಬಣ್ಣ ನೋಡುತ್ತಾರೆ. ಬೆಳ್ಳಗಿದ್ದರೆ ಇಂಧನ ಸಾಲದು, ಕಪ್ಪು ಮಸಿ ಹಿಡಿದಿದ್ದರೆ ಹೆಚ್ಚಾಯಿತು, ಬಿಸ್ಕತ್ತಿನ ಬಣ್ಣವಿದ್ದರೆ ಸರಿ.

ಅದೇ ಬುಲೆಟ್ ಲಡಾಖಿಗೆ ಹೊರಟರೆ ಲೆಕ್ಕ ತಿರುಗಿ ಬೀಳುತ್ತದೆ. ಖರ್ದುಂಗ್ ಲಾ ಕಣಿವೆದಾರಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ದೆಹಲಿಯಲ್ಲಿ ಸರಿಯಾಗಿದ್ದ ಜೆಟ್ ಅಲ್ಲಿ ಪೆಟ್ರೋಲನ್ನು ಅತಿಯಾಗಿ ಸುರಿಯುತ್ತದೆ, ಗಾಡಿ ಕಪ್ಪು ಹೊಗೆ ಉಗುಳುತ್ತ ಏದುಸಿರು ಬಿಡುತ್ತದೆ. ಅದಕ್ಕೇ ತಿಳಿದ ಸವಾರರು ಚೀಲದಲ್ಲೊಂದು ಸಣ್ಣ ಜೆಟ್ ಇಟ್ಟುಕೊಂಡು ಹೊರಡುತ್ತಿದ್ದರು.

ಈ ಜ್ಞಾನ ದೆಹಲಿಯ ಗಲ್ಲಿಗಳಲ್ಲಿ ಧಾರಾಳವಾಗಿತ್ತು. ಸಿಎನ್‌ಜಿ ಬಂದಾಗ ಅದರ ಒಂದು ಪಾಲು ಕೆಲಸಕ್ಕೆ ಬಂತು, ಇನ್ನೊಂದು ಪಾಲು ಬರಲಿಲ್ಲ.

ಗಂಟಲಿಗೊಂದು ಹೊಸ ಬಳೆ

ಸಿಎನ್‌ಜಿ ಎಂದರೆ ಬಹುಪಾಲು ಮೀಥೇನ್. ಗುಜರಾತಿನ ಹಜೀರಾದಿಂದ ಉತ್ತರಕ್ಕೆ ಸಾಗುವ ಕೊಳವೆ ಮಾರ್ಗದಿಂದ ಅದು ದೆಹಲಿಗೆ ಬಂತು. ವಾಹನಕ್ಕೆ ತುಂಬುವಾಗ ಅದರ ಒತ್ತಡ 200 ಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಇನ್ನೂರರಷ್ಟು. ಎಂಜಿನ್ನಿಗೆ ಕೊಡುವ ಮೊದಲು ಇದನ್ನು ರೆಗ್ಯುಲೇಟರಿನಲ್ಲಿ ಹಂತ ಹಂತವಾಗಿ ಸುತ್ತಲಿನ ಗಾಳಿಯ ಮಟ್ಟಕ್ಕೆ ತರಬೇಕು. ಹಾಗೆ ಹಿಗ್ಗುವಾಗ ಅನಿಲ ತಣ್ಣಗಾಗಿ ಮಂಜುಗಟ್ಟಬಹುದಾದ್ದರಿಂದ ಕಾರಿನಲ್ಲಿ ರೇಡಿಯೇಟರಿನ ಬಿಸಿನೀರನ್ನು ರೆಗ್ಯುಲೇಟರಿನ ಸುತ್ತ ಹರಿಸುತ್ತಾರೆ.

ಅಲ್ಲಿಂದ ಅನಿಲ ಸೇರುವುದು ಮಿಕ್ಸರಿಗೆ. ಪೆಟ್ರೋಲ್ ಗಾಡಿಯನ್ನು ಪರಿವರ್ತಿಸುವಾಗ ಏರ್ ಫಿಲ್ಟರಿಗೂ ಕಾರ್ಬುರೇಟರಿಗೂ ನಡುವೆ, ಗಾಳಿಯ ದಾರಿಯಲ್ಲೇ, ಕಿರಿದಾದ ಗಂಟಲಿನ ಒಂದು ಬಳೆ ಕೂರಿಸುತ್ತಾರೆ. ಆ ಕಿರಿದಾಗುವಿಕೆಯ ಎಳೆತಕ್ಕೆ ಸಿಕ್ಕಿ ಸುತ್ತಲಿನ ತೂತುಗಳಿಂದ ಅನಿಲ ಒಳಸೇರುತ್ತದೆ. ಎಷ್ಟು ಅನಿಲ ಎಂಬುದನ್ನು ಹಿಡಿತದಲ್ಲಿಡುವುದು ಕೊಳವೆಯ ಮೇಲಿನ ಒಂದು ಸ್ಕ್ರೂ. ಎಂಜಿನ್ ಸುಮ್ಮನೆ ಓಡುತ್ತಿರುವಾಗಿನ ಹದಕ್ಕೆ ರೆಗ್ಯುಲೇಟರಿನ ಮೇಲೆ ಇನ್ನೊಂದು.

ಮೀಥೇನಿನ ಲೆಕ್ಕವೇ ಬೇರೆ. ಒಂದು ಗ್ರಾಂ ಸುಡಲು 17.2 ಗ್ರಾಂ ಗಾಳಿ ಬೇಕು. ತೂಕ ಬಿಟ್ಟು ಜಾಗದ ಲೆಕ್ಕ ಹಿಡಿದರೆ ಒಂದು ಪಾಲು ಅನಿಲಕ್ಕೆ ಸುಮಾರು ಒಂಬತ್ತೂವರೆ ಪಾಲು ಗಾಳಿ. ಪೆಟ್ರೋಲಿನ ಹನಿ ಹೆಚ್ಚು ಜಾಗ ಕೇಳುವುದಿಲ್ಲ. ಅನಿಲ ಮಾತ್ರ ಗಾಳಿಗೆ ಸಲ್ಲಬೇಕಾದ ಜಾಗದ ಹತ್ತನೇ ಒಂದರಷ್ಟನ್ನು ತಾನೇ ಆಕ್ರಮಿಸುತ್ತದೆ. ಅಷ್ಟರಮಟ್ಟಿಗೆ ಎಂಜಿನ್ನಿನ ಬಲ ಕುಗ್ಗುತ್ತದೆ. ಮೀಥೇನಿನ ಜ್ವಾಲೆ ನಿಧಾನ, ಆದ್ದರಿಂದ ಕಿಡಿ ತುಸು ಮುಂಚಿತವಾಗಿ ಹಾರಬೇಕು. ಇದೆಲ್ಲ ಸರಿಯಾಗಿ ಕೂಡಿದರೆ ಪೆಟ್ರೋಲಿಗಿಂತ ಶುಭ್ರವಾದ ದಹನ. ಕೂಡದಿದ್ದರೆ ಏರಿನಲ್ಲಿ ಪಿಕಪ್ ಇಲ್ಲ, ಗಂಟಲಿನಲ್ಲಿ ಪಟಾಕಿಯಂಥ ಸದ್ದು, ಬೇಗ ಸವೆಯುವ ವಾಲ್ವ್ ಸೀಟು.

ಚಾಲಕನ ಸಂಕಟ ಶುರುವಾಗುವುದು ಇಲ್ಲೇ. ಪಿಕಪ್ ಬೇಕೆಂದರೆ ಸ್ಕ್ರೂ ಬಿಡಿಸಿ ಅನಿಲ ಹೆಚ್ಚಿಸಬೇಕು, ಮೈಲೇಜ್ ಬೇಕೆಂದರೆ ಬಿಗಿಯಬೇಕು. ದೆಹಲಿಯ ದೂಳಿಗೆ ಫಿಲ್ಟರ್ ಕಟ್ಟಿಕೊಂಡಾಗ ಮಿಕ್ಸರಿನ ಎಳೆತ ಹೆಚ್ಚಿ, ಯಾರೂ ಸ್ಕ್ರೂ ಮುಟ್ಟದಿದ್ದರೂ ಅನಿಲ ಅತಿಯಾಗುತ್ತದೆ. ಮಾಲಿನ್ಯ ತಪಾಸಣೆ ನಡೆಯುವುದು ಗಾಡಿ ನಿಂತಲ್ಲೇ ನಿಂತು ಎಂಜಿನ್ ಸಣ್ಣಗೆ ಓಡುತ್ತಿರುವಾಗ. ಮೂರು ಜನರನ್ನು ಹೊತ್ತು ಮೇಲ್ಸೇತುವೆ ಹತ್ತುವಾಗ ಅದು ಏನು ಉಗುಳುತ್ತದೆಂದು ಆ ಚೀಟಿ ಹೇಳುವುದಿಲ್ಲ.

ಡೀಸೆಲ್ ಬಸ್ಸಿನ ಕೆಲಸ ಇನ್ನೂ ಕಠಿಣ. ಡೀಸೆಲ್ ಎಂಜಿನ್ನಿಗೆ ಪ್ಲಗ್ ಇಲ್ಲ. ಗಾಳಿಯನ್ನು ಬಿಗಿಯಾಗಿ ಅದುಮಿದಾಗ ಹುಟ್ಟುವ ಕಾವಿಗೇ ಇಂಧನ ಹೊತ್ತಿಕೊಳ್ಳುತ್ತದೆ. ಮೀಥೇನ್ ಹಾಗೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಆದ್ದರಿಂದ ಪಿಸ್ಟನ್ ಬದಲಿಸಿ ಅದುಮುವಿಕೆ ಇಳಿಸಬೇಕು, ಇಂಜೆಕ್ಟರ್ ಇದ್ದ ಜಾಗಕ್ಕೆ ಪ್ಲಗ್ ತರಬೇಕು, ಇಂಧನ ಪಂಪು ತೆಗೆದು ಮಿಕ್ಸರ್ ಹಾಕಬೇಕು. ಹಳೆಯ ಚೌಕಟ್ಟಿನೊಳಗೆ ಹೊಸ ಎಂಜಿನ್ನನ್ನೇ ಕಟ್ಟಿದಷ್ಟು ಕೆಲಸ. ಸುಲಭದ ದಾರಿ ಹೊಸ ಬಸ್ಸು ಕೊಳ್ಳುವುದಾಗಿತ್ತು. ಒಂದೆರಡು ಬಸ್ಸಿಟ್ಟುಕೊಂಡು ಬದುಕುವ ಖಾಸಗಿ ಮಾಲೀಕರಿಗೆ ಅದು ಸುಲಭವಿರಲಿಲ್ಲ.

ಸರದಿ ಸಾಲು

1998ರ ಡಿಸೆಂಬರಿನಲ್ಲಿ ಇಂದ್ರಪ್ರಸ್ಥ ಗ್ಯಾಸ್ ಲಿಮಿಟೆಡ್ ಹುಟ್ಟಿತು. ಗೇಲ್, ಭಾರತ್ ಪೆಟ್ರೋಲಿಯಂ ಎರಡೂ ಸೇರಿ, ದೆಹಲಿ ಸರ್ಕಾರದ ಸಣ್ಣ ಪಾಲಿನೊಂದಿಗೆ ಕಟ್ಟಿದ ಕಂಪನಿ. ಬಂಕುಗಳು ಬಂದವು, ಆದರೆ ಎಲ್ಲ ಬಂಕೂ ಒಂದೇ ಥರ ಇರಲಿಲ್ಲ. ಕೊಳವೆಗೆ ನೇರ ಜೋಡಿಸಿದ, ದೊಡ್ಡ ಕಂಪ್ರೆಸರ್ ಇದ್ದ ಬಂಕು ತಾಯಿ. ಅಲ್ಲಿಂದ ಲಾರಿಯಲ್ಲಿ ಸಿಲಿಂಡರ್ ಸಾಗಿಸಿ ತುಂಬುವ ಬಂಕು ಮಗಳು. ಮಗಳು ಬಂಕಿನಲ್ಲಿ ಹತ್ತಾರು ಗಾಡಿ ತುಂಬಿದ ಮೇಲೆ ಒತ್ತಡ ಕುಸಿಯುತ್ತಿತ್ತು. ಸರದಿಯ ಕೊನೆಯವನಿಗೆ ಟ್ಯಾಂಕು ಪೂರ್ತಿ ತುಂಬುತ್ತಿರಲಿಲ್ಲ. ಅರೆ ತುಂಬಿದವನು ಮತ್ತೆ ಬೇಗ ಬಂದು ಸರದಿಯ ಬಾಲಕ್ಕೆ ನಿಲ್ಲುತ್ತಿದ್ದ. 2001, 2002ರಲ್ಲಿ ಆಟೋಗಳ ಸಾಲು ಕಿಲೋಮೀಟರ್‌ಗಟ್ಟಲೆ ಬೆಳೆಯಿತು. ಚಾಲಕರು ರಾತ್ರಿ ಸೀಟಿನಲ್ಲೇ ಮುದುಡಿ ಮಲಗಿ, ಅನಿಲ ಬಂತೆಂಬ ಕೂಗಿಗೆ ಎದ್ದು ಗಾಡಿ ತಳ್ಳಿಕೊಂಡು ಮುಂದೆ ಹೋಗುತ್ತಿದ್ದರು. ದಿನದ ಬಾಡಿಗೆಯನ್ನು ಮಾಲೀಕ ಗಂಟೆ ಲೆಕ್ಕದಲ್ಲಿ ಕಡಿತಗೊಳಿಸುವವನಲ್ಲ.

2001ರ ಮಾರ್ಚ್ 26ರಂದು ನ್ಯಾಯಾಲಯ ಎಲ್ಲರಿಗೂ ಒಂದೇ ಸಲ ಗಡುವು ಮುಂದೂಡಲು ಒಪ್ಪಲಿಲ್ಲ; ಸಿಎನ್‌ಜಿ ವಾಹನಕ್ಕೋ ಪರಿವರ್ತನೆಗೋ ಆರ್ಡರ್ ಕೊಟ್ಟವರಿಗೆ ಮಾತ್ರ ಸೆಪ್ಟೆಂಬರ್ 30ರವರೆಗೆ ಸಮಯ ಕೊಟ್ಟಿತು. ಏಪ್ರಿಲ್ ಮೊದಲ ವಾರ ಸಾವಿರಾರು ಬಸ್ಸುಗಳು ರಸ್ತೆಗಿಳಿಯಲಿಲ್ಲ. ನಿಲ್ದಾಣಗಳಲ್ಲಿ ಗಂಟೆಗಟ್ಟಲೆ ಕಾದ ಜನರ ಸಿಟ್ಟು ಬೀದಿಗೆ ಬಂತು. ಮುಖ್ಯಮಂತ್ರಿ ಶೀಲಾ ದೀಕ್ಷಿತ್ ಅವರ ಸರ್ಕಾರ ಮತ್ತೆ ಮತ್ತೆ ಸಮಯ ಕೇಳಿತು.

ವಾದದಲ್ಲಿ ತಜ್ಞರೂ ಒಡೆದು ಎರಡು ಪಾಳೆಯವಾದರು. ಒಂದು ಪಕ್ಷ ಸಿಎನ್‌ಜಿಯೇ ದಾರಿ ಎಂದಿತು. ಡೀಸೆಲ್ಲಿನಲ್ಲಿ ಏನೇ ಸುಧಾರಣೆ ತಂದರೂ ಕಲಬೆರಕೆ ತಪ್ಪದು, ಮೀಥೇನಿಗೆ ಸೀಮೆಎಣ್ಣೆ ಬೆರೆಸಲು ಯಾರಿಂದಲೂ ಆಗದು ಎಂಬುದು ಅವರ ಬಲವಾದ ಮಾತು. ಇನ್ನೊಂದು ಪಕ್ಷ ಗಂಧಕ ತೀರಾ ಕಡಿಮೆಯಿರುವ ಡೀಸೆಲ್ಲೇ ಸಾಕೆಂದಿತು. ವಿಜ್ಞಾನಿ ಆರ್. ಎ. ಮಶೇಲ್ಕರ್ ನೇತೃತ್ವದಲ್ಲಿ ಕೇಂದ್ರ ನೇಮಿಸಿದ ಸಮಿತಿ 2002ರ ಆರಂಭದಲ್ಲಿ ಮಧ್ಯಂತರ ವರದಿ ಕೊಟ್ಟು, ಸರ್ಕಾರ ಹೊಗೆಗೆ ಮಿತಿ ನಿಗದಿಪಡಿಸಲಿ, ಆ ಮಿತಿಯನ್ನು ಯಾವ ಇಂಧನದಿಂದ ಮುಟ್ಟಬೇಕೆಂಬುದನ್ನು ವಾಹನ ತಯಾರಕರಿಗೆ ಬಿಡಲಿ ಎಂದಿತು. ತತ್ತ್ವವಾಗಿ ಇದು ಸರಿಯಾದ ಮಾತು. ಆದರೆ ಮಿತಿ ಪಾಲಿಸಲಾಗುತ್ತಿದೆಯೇ ಎಂದು ಬೀದಿಯಲ್ಲಿ ಅಳೆಯುವ ವ್ಯವಸ್ಥೆ ಇಲ್ಲದ ಊರಿನಲ್ಲಿ ಮಿತಿ ಕಾಗದದ ಮೇಲೇ ಉಳಿಯುತ್ತದೆ. ಯಾವ ಇಂಧನವೆಂಬುದನ್ನಾದರೆ ಪೇದೆಯೂ ನೋಡಿ ಹೇಳಬಲ್ಲ.

2002ರ ಏಪ್ರಿಲ್ 5ರಂದು ನ್ಯಾಯಮೂರ್ತಿ ಬಿ. ಎನ್. ಕೃಪಾಲ್ ಅವರ ಪೀಠ ವಾದ ಮುಗಿಸಿತು. ಡೀಸೆಲ್ ಬಸ್ಸು ಓಡಿಸುವವರು ದಿನಕ್ಕೆ 500 ರೂಪಾಯಿ ತೆರಬೇಕು, ಮೂವತ್ತು ದಿನ ಕಳೆದ ಮೇಲೆ 1,000 ರೂಪಾಯಿ. ಮೇ 1ರಿಂದ ತಿಂಗಳಿಗೆ 800 ಡೀಸೆಲ್ ಬಸ್ಸುಗಳಂತೆ ರಸ್ತೆಯಿಂದ ತೆಗೆಯಬೇಕು. ಆ ವರ್ಷದ ಡಿಸೆಂಬರ್ ಹೊತ್ತಿಗೆ ದೆಹಲಿ ಸಾರಿಗೆ ನಿಗಮದ ಡೀಸೆಲ್ ಬಸ್ಸುಗಳೆಲ್ಲ ನಗರದಿಂದ ಹೋಗಿದ್ದವು. ಕಪ್ಪು-ಹಳದಿ ಆಟೋಗಳು ಹಸಿರು-ಹಳದಿಯಾದವು.

ಮೂರರಲ್ಲೊಂದು ಪಾಲು

ಇಷ್ಟೆಲ್ಲ ಮಾಡಿ ಆದದ್ದೇನು? 2007ರಲ್ಲಿ ಊರ್ವಶಿ ನಾರಾಯಣ್ ಮತ್ತು ಅಲನ್ ಕ್ರುಪ್ನಿಕ್ ಎಂಬ ಅರ್ಥಶಾಸ್ತ್ರಜ್ಞರು ದೆಹಲಿಯ ಗಾಳಿಯ ಅಳತೆಗಳನ್ನು ಹಿಡಿದು ಕೂತು ಲೆಕ್ಕ ಹಾಕಿದರು. ಬಸ್ಸುಗಳ ಪರಿವರ್ತನೆಯಿಂದ ದೂಳಿನ ಕಣ, ಇಂಗಾಲದ ಮಾನಾಕ್ಸೈಡ್, ಗಂಧಕದ ಡೈಆಕ್ಸೈಡ್ ಮೂರೂ ಇಳಿದಿದ್ದವು. ಆಟೋಗಳ ಪರಿವರ್ತನೆಯಿಂದ ಅಂಥ ಲಾಭ ಕಾಣಲಿಲ್ಲ; ತಂತ್ರಜ್ಞಾನ ಕಳಪೆಯಾದದ್ದು ಕಾರಣವಿರಬಹುದು ಎಂದರು ಅವರು.

ಕಳಪೆ ಎಲ್ಲಿ ಎಂಬುದಕ್ಕೆ ಉತ್ತರ 2011ರಲ್ಲಿ ಸಿಕ್ಕಿತು. ಕಾನರ್ ರೆನಾಲ್ಡ್ಸ್, ಮಿಲಿಂದ್ ಕಾಂಡ್ಲಿಕರ್ ಮತ್ತು ಅವರ ಸಂಗಡಿಗರು ದೆಹಲಿಯ ಆಟೋಗಳ ಹೊಗೆಯನ್ನು ಅಳೆದರು. ಟೂ-ಸ್ಟ್ರೋಕ್ ಸಿಎನ್‌ಜಿ ಆಟೋಗಳಲ್ಲಿ ಅನಿಲದ ಮೂರನೇ ಒಂದು ಪಾಲಿನಷ್ಟು ಸರಿಯಾಗಿ ಸುಡದೆಯೇ ಹೊರಬೀಳುತ್ತಿತ್ತು. ಕಾರಣ ಆ ಎಂಜಿನ್ನಿನ ಹುಟ್ಟಿನಲ್ಲೇ ಇದೆ. ಹಳೆಯ ಹೊಗೆ ಹೊರಹೋಗುವ ಬಾಗಿಲು ತೆರೆದಿರುವಾಗಲೇ ಹೊಸ ಗಾಳಿ-ಅನಿಲದ ಮಿಶ್ರಣ ಒಳಬರುತ್ತದೆ. ಬಂದದ್ದರಲ್ಲಿ ಒಂದಷ್ಟು ಹಾಗೇ ಹೊರಗೆ ನುಸುಳುತ್ತದೆ. ಇನ್ನು ಎಣ್ಣೆ. ಪೆಟ್ರೋಲಿನಲ್ಲಿ ಕರಗಿ ಹೋಗುತ್ತಿದ್ದ ಎಣ್ಣೆಯನ್ನು ಅನಿಲ ಹೊತ್ತೊಯ್ಯಲಾರದು, ಅದನ್ನು ಬೇರೆಯಾಗಿಯೇ ಒಳಕ್ಕೆ ಕೊಡಬೇಕು. ಸುಡದ ಆ ಎಣ್ಣೆ ಹೊಗೆಯಾಗಿ ಸೂಕ್ಷ್ಮ ಕಣಗಳನ್ನು ಉಗುಳುತ್ತದೆ. ಫೋರ್-ಸ್ಟ್ರೋಕ್ ಆಟೋಗಳಲ್ಲಿ ಈ ಎರಡು ತೊಂದರೆಯೂ ತೀರಾ ಕಡಿಮೆ.

ಎಂದರೆ ಯಾವ ಮೆಕ್ಯಾನಿಕ್ ಎಷ್ಟೇ ನಿಷ್ಠೆಯಿಂದ ಸ್ಕ್ರೂ ತಿರುಗಿಸಿದ್ದರೂ ಆ ಎಂಜಿನ್ ಪೂರ್ತಿ ಹದಕ್ಕೆ ಬರುತ್ತಿರಲಿಲ್ಲ. ಇಂಧನ ಬದಲಾಯಿತು, ಇಂಧನ ಗಾಳಿಯನ್ನು ಸಂಧಿಸುವ ರೀತಿ ಬದಲಾಗಲಿಲ್ಲ. ಹಣವಿದ್ದವನು ಹೊಸ ಫೋರ್-ಸ್ಟ್ರೋಕ್ ಆಟೋ ಕೊಂಡ. ಇಲ್ಲದವನು ಹಳೆಯ ಎಂಜಿನ್ನಿಗೇ ಕಿಟ್ ಹಾಕಿಸಿದ. 1997ರ ಕೊನೆಯಲ್ಲಿ ಆಟೋಗಳ ಸಂಖ್ಯೆಗೇ ನ್ಯಾಯಾಲಯ ಮಿತಿ ಹಾಕಿದ್ದರಿಂದ ಹಳೆಯದನ್ನು ಗುಜರಿಗೆ ಹಾಕದೆ ಹೊಸದು ರಸ್ತೆಗೆ ಬರುವಂತಿರಲಿಲ್ಲ. ಪರ್ಮಿಟ್ಟಿನ ಬೆಲೆ ಗಾಡಿಯ ಬೆಲೆಯನ್ನೇ ಮೀರುವಂತಾಯಿತು, ಚಾಲಕನ ಕೊರಳು ಸಾಲ ಕೊಡುವವನ ಕೈಗೆ ಸಿಕ್ಕಿತು. 2011ರಲ್ಲಿ ಆ ಮಿತಿ ಒಂದು ಲಕ್ಷಕ್ಕೆ ಏರುವವರೆಗೂ ಬಿಗಿ ಸಡಿಲವಾಗಲಿಲ್ಲ. ನಗರದ ಶ್ವಾಸಕೋಶಕ್ಕೆ ಸಿಕ್ಕ ಬಿಡುವಿನ ಬೆಲೆಯಲ್ಲಿ ದೊಡ್ಡ ಪಾಲನ್ನು ಸರದಿ ಸಾಲಿನಲ್ಲಿ ನಿಂತವರು ತೆತ್ತರು.

ಸ್ಕ್ರೂ ಇಲ್ಲದ ಕಾಲ

ಬೆಂಗಳೂರಿನ ಆಟೋ ಚಾಲಕರು ಇದೇ ಬಗೆಯ ಪರಿವರ್ತನೆಯನ್ನು ಎಲ್‌ಪಿಜಿಯೊಂದಿಗೆ ಅನುಭವಿಸಿದರು. ಕೊಳವೆ ಅನಿಲ ಅಲ್ಲಿ ಇರಲಿಲ್ಲ. ದಾಭೋಲ್‌ನಿಂದ ಬೆಂಗಳೂರಿಗೆ ಕೊಳವೆ ಮಾರ್ಗ ಮುಟ್ಟಿದ್ದು 2013ರಲ್ಲಿ. ಊರು ಬೇರೆ, ಅನಿಲ ಬೇರೆ, ಗಾಳಿಯ ಗಂಟಲಿಗೆ ಕೂರಿಸುವ ಮಿಕ್ಸರ್ ಮಾತ್ರ ಅದೇ ಬಗೆಯದು.

ದೆಹಲಿಯಲ್ಲಿ ಕಥೆ ಮುಂದುವರಿಯಿತು. 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ರಾಜಧಾನಿ ಪ್ರದೇಶದ ಟ್ಯಾಕ್ಸಿಗಳೂ ಸಿಎನ್‌ಜಿಗೆ ಬರಲಿ ಎಂದಿತು. ಗುರುಗ್ರಾಮ, ನೋಯ್ಡಾದ ಕ್ಯಾಬುಗಳು ಹೊಸ ಸರದಿ ಹಿಡಿದವು. 2020ರ ಏಪ್ರಿಲಿನಿಂದ ದೇಶವಿಡೀ ಬಿಎಸ್-6 ನಿಯಮ ಜಾರಿಯಾದಾಗ ಹೊಸ ಬೈಕುಗಳಿಂದ ಕಾರ್ಬುರೇಟರ್ ಬಹುಮಟ್ಟಿಗೆ ಮಾಯವಾಯಿತು. ಈಗ ಹೊಗೆಯ ಕೊಳವೆಯಲ್ಲಿ ಕೂತ ಸೆನ್ಸರ್ ಉಳಿದ ಆಮ್ಲಜನಕವನ್ನು ಕ್ಷಣಕ್ಷಣಕ್ಕೂ ಅಳೆಯುತ್ತದೆ, ಪುಟ್ಟ ಗಣಕವೊಂದು ಇಂಧನವನ್ನು ಅದಕ್ಕೆ ತಕ್ಕಂತೆ ಹನಿಸುತ್ತದೆ. ಸಿಎನ್‌ಜಿ ಕಾರುಗಳಲ್ಲೂ ಮಿಕ್ಸರಿನ ಜಾಗಕ್ಕೆ ಇಂಜೆಕ್ಟರ್ ಬಂದಿದೆ. ಲಡಾಖಿನ ಏರಿನಲ್ಲಿ ಜೆಟ್ ಬದಲಿಸುವ ಗೋಜಿಲ್ಲ. ಕರೋಲ್ ಬಾಗಿನಲ್ಲಿ ಈಗ ಪ್ಲಗ್ ಬಣ್ಣಕ್ಕಿಂತ ಮೊದಲು ಲ್ಯಾಪ್‌ಟಾಪ್ ತೆರೆಯುವವರೂ ಇದ್ದಾರೆ.

ದೆಹಲಿಯ ಗಾಳಿ ಮಾತ್ರ ಗೆದ್ದ ಕಥೆ ಹೇಳುವುದಿಲ್ಲ. ವಾಹನಗಳ ಸಂಖ್ಯೆ ಬೆಳೆಯಿತು. ಚಳಿಗಾಲದಲ್ಲಿ ಹೊಲಗಳ ಹೊಗೆ, ಕಟ್ಟಡದ ದೂಳು, ಕಾರ್ಖಾನೆಯ ಹೊಗೆ ಎಲ್ಲ ಕೂಡುತ್ತವೆ. 2023ರ ಜನವರಿಯಿಂದ ರಾಜಧಾನಿ ಪ್ರದೇಶದಲ್ಲಿ ಸಿಎನ್‌ಜಿ ಅಥವಾ ವಿದ್ಯುತ್ ಆಟೋಗಳನ್ನಷ್ಟೇ ಹೊಸದಾಗಿ ನೋಂದಾಯಿಸಬೇಕೆಂಬ ನಿರ್ದೇಶನ ಬಂದಿದೆ. ವಿದ್ಯುತ್ ಆಟೋಗೆ ಗಾಳಿ-ಇಂಧನದ ಲೆಕ್ಕವೇ ಬೇಕಿಲ್ಲ. ಬ್ಯಾಟರಿಗೆ ಸಾಲ ಯಾರು ಕೊಡುತ್ತಾರೆ, ಯಾವ ಬಡ್ಡಿಗೆ, ಚಾರ್ಜ್ ಆಗುವವರೆಗೆ ಕಳೆದುಹೋಗುವ ಗಂಟೆಗಳ ಬಾಡಿಗೆಯನ್ನು ಯಾರು ಕಟ್ಟುತ್ತಾರೆ ಎಂಬ ಲೆಕ್ಕ ಬೇಕು. 1998ರ ಆದೇಶದ ಪಟ್ಟಿಯಲ್ಲಿ 1990ರ ನಂತರದ ಆಟೋಗಳನ್ನು ಬದಲಿಸುವವರಿಗೆ ಹಣಕಾಸಿನ ನೆರವು ಕೊಡಬೇಕೆಂಬ ಸಾಲೂ ಒಂದಿತ್ತು. ಎಲ್ಲ ಗಡುವುಗಳ ನಡುವೆ ಅತಿ ಕಡಿಮೆ ಚರ್ಚೆಯಾದ ಸಾಲು ಅದು. ಮುಂದಿನ ಬದಲಾವಣೆ ಅಲ್ಲಿಂದ ಶುರುವಾದರೆ ಒಳ್ಳೆಯದು.